ದಾವಣಗೆರೆಯ ಎಂಟು ಜನರ ಆಫೀಸಿಗೆ ಒಂದು ಸ್ಟೋರೇಜ್ ಸರ್ವರ್: ಯಾವ ಭಾಗ ಕೊಂಡೆವು, ಯಾಕೆ ಕೊಂಡೆವು

2024ರ ಫೆಬ್ರವರಿ ಕೊನೆಯ ವಾರ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಯಾರದೋ ಕಾಲು ಕೇಬಲ್‌ಗೆ ಸಿಕ್ಕಿಕೊಂಡಿತು. ಟೇಬಲ್ ಮೇಲಿದ್ದ ಪೋರ್ಟಬಲ್ ಹಾರ್ಡ್‌ಡಿಸ್ಕ್ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಚುಚ್ಚಿದರೆ ಟಿಕ್ ಟಿಕ್ ಅನ್ನುವ ಸದ್ದು, ಅಷ್ಟೇ. ಎರಡು ವರ್ಷದ ಸೈಟ್ ಫೋಟೋ, ಮುಗಿದ ಕೆಲಸಗಳ ಡ್ರಾಯಿಂಗ್, ಡ್ರೋನ್ ಸರ್ವೆ ಎಲ್ಲ ಅದರಲ್ಲೇ ಇತ್ತು. ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ. ಬೆಂಗಳೂರಿಗೆ ಕಳಿಸಿ, ಸಾಕಷ್ಟು ದುಡ್ಡು ಸುರಿದ ಮೇಲೆ ಅರ್ಧದಷ್ಟು ಫೈಲ್ ವಾಪಸ್ ಸಿಕ್ಕವು.

ನನ್ನನ್ನು ಕರೆದದ್ದು ಇದಾದ ಮೇಲೆ. ನಾನು ಹೋಗುವ ಹೊತ್ತಿಗೆ ಮಾಲೀಕರ ಕೈಯಲ್ಲಿ ಒಂದು ಅಂಗಡಿಯ ಕೊಟೇಶನ್ ಇತ್ತು. ಐ7 ಪ್ರೊಸೆಸರ್, 32 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎಸ್‌ಎಸ್‌ಡಿ, 4 ಟಿಬಿಯ ಒಂದು ಹಾರ್ಡ್‌ಡಿಸ್ಕ್. ಒಟ್ಟು 1,05,000 ರೂಪಾಯಿ.

"ನೋಡಪ್ಪಾ, ಸರ್ವರ್ ಅಂದ್ರೆ ಇದೇನಾ? ಇಷ್ಟು ಸಾಕಾಗುತ್ತಾ?" ಅಂದರು.

"ಸರ್, ಬಿದ್ದು ಹೋದದ್ದು ಒಂದು ಡಿಸ್ಕ್. ಇದರಲ್ಲೂ ಇರೋದು ಒಂದೇ ಡಿಸ್ಕ್" ಅಂದೆ. ಅವರು ಹಾಳೆಯನ್ನು ಮತ್ತೊಮ್ಮೆ ಓದಿ, ಮಡಿಚಿ ಡ್ರಾಯರ್‌ನಲ್ಲಿಟ್ಟರು.

ಆ ಕೊಟೇಶನ್ ಕೊಟ್ಟವರು ಮೋಸ ಮಾಡಲು ಹೊರಟಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಕಂಪ್ಯೂಟರ್ ಪಟ್ಟಿ ಯಾವಾಗಲೂ ಪ್ರೊಸೆಸರ್‌ನಿಂದ ಶುರುವಾಗುತ್ತದೆ. ಡಿಸ್ಕ್ ಕೊನೆಗೆ ಬರುತ್ತದೆ. ಯುಪಿಎಸ್, ಬ್ಯಾಕಪ್ ಬರುವುದೇ ಇಲ್ಲ. ಆಟ ಆಡುವ ಕಂಪ್ಯೂಟರ್‌ಗೆ ಅದು ಸರಿ. ಫೈಲ್ ಕಾಯುವ ಪೆಟ್ಟಿಗೆಗೆ ಪಟ್ಟಿಯನ್ನು ತಲೆಕೆಳಗು ಮಾಡಿ ಬರೆಯಬೇಕು. ಈ ಪ್ರಕರಣದಲ್ಲಿ ನಾವು ಮಾಡಿದ್ದು ಅದನ್ನೇ. ಬಜೆಟ್ 1,20,000 ಅಂತ ಮಾಲೀಕರು ಗೆರೆ ಹಾಕಿದರು.

ಮೊದಲ ದಿನ ಸುಮ್ನೆ ಕೂತು ನೋಡಿದ್ದು

ಯಾವ ಭಾಗದ ಬೆಲೆಯನ್ನೂ ವಿಚಾರಿಸದೆ ಒಂದು ಇಡೀ ದಿನ ಆಫೀಸಿನಲ್ಲಿ ಕೂತೆ. ಎಂಟು ಸೀಟು. ಐವರು ಆಟೋಕ್ಯಾಡ್‌ನಲ್ಲಿ ಕೆಲಸ ಮಾಡುತ್ತಾರೆ. ಇಬ್ಬರು 3ಡಿ. ಲೆಕ್ಕಪತ್ರದ ಮೇಡಂ ಒಬ್ಬರು, ಅವರದು ಟ್ಯಾಲಿ. ಡ್ರಾಯಿಂಗ್ ಫೈಲ್ ಒಂದೊಂದು 5ರಿಂದ 40 ಎಂಬಿ. ಸೈಟ್‌ನಿಂದ ಬರುವ ಫೋಟೋ ಮತ್ತು ಡ್ರೋನ್ ಚಿತ್ರಗಳೇ ಜಾಗ ತಿನ್ನುವುದು. ಎಲ್ಲರ ಕಂಪ್ಯೂಟರ್ ಸೇರಿಸಿ ಎಣಿಸಿದಾಗ 2.3 ಟಿಬಿ ಆಯಿತು. ತಿಂಗಳಿಗೆ ಸುಮಾರು 50 ಜಿಬಿ ಬೆಳೆಯುತ್ತಿತ್ತು. ಅಂದರೆ ವರ್ಷಕ್ಕೆ 600 ಜಿಬಿ. ಐದು ವರ್ಷಕ್ಕೆ 3 ಟಿಬಿ ಸೇರಿ 5.3 ಟಿಬಿ.

ಡಿಸ್ಕ್ ಗಾತ್ರ ಇಲ್ಲಿಂದಲೇ ಬಂತು. ನಾನು ಬಳಸಲು ಹೊರಟದ್ದು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ್ದು. ಬರೆದ ಪ್ರತಿ ತುಣುಕಿಗೂ ಒಂದು ಚೆಕ್‌ಸಮ್ (ಆ ತುಣುಕಿನಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಇಟ್ಟು, ಓದುವಾಗ ತಾಳೆ ನೋಡುತ್ತದೆ. ಇದನ್ನು ಶೇ. 80ಕ್ಕಿಂತ ಜಾಸ್ತಿ ತುಂಬಿಸಬಾರದು, ತುಂಬಿದರೆ ನಿಧಾನವಾಗುತ್ತದೆ. 8 ಟಿಬಿಯ ಶೇ. 80 ಅಂದರೆ 6.4. ಡಿಸ್ಕ್ ಕಂಪನಿ 1000ದ ಲೆಕ್ಕದಲ್ಲಿ ಹೇಳುವುದನ್ನು ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಆ ಕಡಿತ ತೆಗೆದರೂ 5.8 ಉಳಿಯುತ್ತದೆ. ಐದು ವರ್ಷಕ್ಕೆ ಸರಿಹೋಗುತ್ತದೆ.

ಅವತ್ತು ಇನ್ನೂ ಎರಡು ವಿಷಯ ಕಣ್ಣಿಗೆ ಬಿದ್ದವು. ಒಂದು, ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯಿತು. ಇನ್ವರ್ಟರ್ ಇದ್ದರೂ ಎರಡು ಸಲವೂ ಒಂದು ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಇನ್ನೊಂದು, ಒಬ್ಬರ ಕಂಪ್ಯೂಟರ್‌ನಿಂದ ಇನ್ನೊಬ್ಬರದಕ್ಕೆ ಫೈಲ್ ಕಳಿಸಿದರೆ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ.

ಸರ್ವರ್‌ಗೆ ಮೊದಲು ದಾರಿ

ಸೆಕೆಂಡಿಗೆ 11 ಎಂಬಿ ಅಂದ ತಕ್ಷಣ ಗೊತ್ತಾಗುತ್ತದೆ, ಎಲ್ಲೋ 100 ಎಂಬಿಪಿಎಸ್ ಕೂತಿದೆ ಅಂತ. ಅಟ್ಟದ ಮೇಲೆ ಹುಡುಕಿದಾಗ ಸಿಕ್ಕಿತು. ಧೂಳು ಹಿಡಿದ ಎಂಟು ಪೋರ್ಟಿನ ಹಳೆ ಸ್ವಿಚ್. ಅದನ್ನು ತೆಗೆದು 16 ಪೋರ್ಟಿನ ಗಿಗಾಬಿಟ್ ಸ್ವಿಚ್ ಹಾಕಿದೆವು. ಆರು ಕಂಪ್ಯೂಟರ್ ಸರಿಹೋದವು, ಎರಡು ಹಾಗೇ ಉಳಿದವು. ಆ ಎರಡರ ಕೇಬಲ್ ತುದಿ ಬಿಚ್ಚಿದರೆ ಎಂಟು ತಂತಿಯಲ್ಲಿ ನಾಲ್ಕನ್ನು ಮಾತ್ರ ಕ್ರಿಂಪ್ ಮಾಡಿದ್ದರು. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹೊಸ ಕನೆಕ್ಟರ್ ಹಾಕಿ ಎಂಟೂ ತಂತಿ ಕೂರಿಸಿದ ಮೇಲೆ ಅವೂ ಸೆಕೆಂಡಿಗೆ 110 ಎಂಬಿ ಕೊಟ್ಟವು. ಗೋಡೆಯೊಳಗಿನ ಕೇಬಲ್ ಕ್ಯಾಟ್ 5ಇ ಆಗಿತ್ತು, ಬದಲಿಸುವ ಅಗತ್ಯ ಬರಲಿಲ್ಲ.

ಸ್ವಿಚ್ಚಿಗೆ ಹೋದದ್ದು ಸುಮಾರು 5,000 ರೂಪಾಯಿ, ಕೇಬಲ್ ಕನೆಕ್ಟರ್‌ಗೆ 2,000. ಇನ್ನೂ ಸರ್ವರ್ ಬಂದಿಲ್ಲ, ಆಗಲೇ ಹುಡುಗರು ಫೈಲ್ ಬೇಗ ತೆರೆಯುತ್ತಿದೆ ಅಂದರು. ಸರ್ವರ್ ನಿಧಾನ ಅಂತ ದೂರುವ ಎಷ್ಟೋ ಆಫೀಸುಗಳಲ್ಲಿ ತಪ್ಪು ಇರುವುದು ಅಟ್ಟದ ಮೇಲೆ ಅಥವಾ ಕೇಬಲ್ ತುದಿಯಲ್ಲಿ. ದಯವಿಟ್ಟು ಮೊದಲು ಅಲ್ಲಿ ನೋಡಿ.

2.5 ಗಿಗಾಬಿಟ್‌ಗೆ ಹೋಗೋಣವೇ ಅಂತ 3ಡಿ ಮಾಡುವವರು ಕೇಳಿದರು. 40 ಎಂಬಿಯ ಡ್ರಾಯಿಂಗ್ ಗಿಗಾಬಿಟ್‌ನಲ್ಲಿ ಅರ್ಧ ಸೆಕೆಂಡಿಗೂ ಮೊದಲೇ ಬರುತ್ತದೆ. ಅವರ 300 ಎಂಬಿ ಮಾದರಿಗೆ ಮೂರು ಸೆಕೆಂಡು. ಈಗ ಬೇಡ ಅಂತ ತೀರ್ಮಾನಿಸಿದೆವು. ಮದರ್‌ಬೋರ್ಡ್‌ನಲ್ಲಿ ಮಾತ್ರ 2.5 ಗಿಗಾಬಿಟ್ ಪೋರ್ಟ್ ಇರುವುದನ್ನೇ ತೆಗೆದುಕೊಂಡೆವು. ಕ್ಯಾಟ್ 5ಇ ಕೇಬಲ್ ಅದನ್ನೂ ಎಳೆಯುತ್ತದೆ. ಮುಂದೆ ಬೇಕೆನಿಸಿದರೆ ಸ್ವಿಚ್ ಒಂದನ್ನು ಬದಲಿಸಿದರೆ ಆಯಿತು.

ಡಿಸ್ಕ್: ಹಂಚಿನ ಲೆಕ್ಕ

ಅತಿ ಜಾಸ್ತಿ ಹೊತ್ತು ಯೋಚಿಸಿದ್ದು ಇಲ್ಲಿ. ಬಹುಶಃ ಓದುವವರಿಗೂ ಜಾಸ್ತಿ ಉಪಯೋಗ ಇಲ್ಲೇ.

ಹಾರ್ಡ್‌ಡಿಸ್ಕ್‌ಗಳಲ್ಲಿ ಈಗ ಎರಡು ಬಗೆ. ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್‌ನಲ್ಲಿ ಬರೆಯುವ ಸಾಲುಗಳು ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಇರುತ್ತವೆ. ಎಸ್‌ಎಂಆರ್‌ನಲ್ಲಿ ಮಂಗಳೂರು ಹಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ. ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ, ಅಗ್ಗವೂ ಆಗುತ್ತದೆ. ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲಿನವನ್ನೆಲ್ಲ ಎತ್ತಿ ಮತ್ತೆ ಜೋಡಿಸಬೇಕು, ಅಲ್ವಾ? ಈ ಡಿಸ್ಕ್ ಮಾಡುವುದೂ ಅದನ್ನೇ. ಸ್ವಲ್ಪ ಬರೆದರೆ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಬಿಡದೆ ಬರೆಯುವಾಗ ಒಮ್ಮೆಲೇ ತೆವಳಲು ಶುರು ಮಾಡುತ್ತದೆ. ಒಂದು ಡಿಸ್ಕ್ ಕೆಟ್ಟು ಹೊಸದಕ್ಕೆ ಎಲ್ಲವನ್ನೂ ತುಂಬಿಸುವ ದಿನವೇ ಹೀಗಾಗುತ್ತದೆ. ಆವತ್ತು ನಿಮ್ಮ ಹತ್ತಿರ ಉಳಿದಿರುವುದು ಒಂದೇ ಕಾಪಿ.

ಇದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. 2020ರಲ್ಲಿ ದೊಡ್ಡ ಗಲಾಟೆ ಆಯಿತು. ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ 'ರೆಡ್' ಸಾಲಿನ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಅಂತ ಆಗ ಒಪ್ಪಿಕೊಂಡಿತು. ಆ ಸಾಲನ್ನು ನಾಸ್‌ಗೆ, ಅಂದರೆ ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಇಂಥ ಪೆಟ್ಟಿಗೆಗಳಿಗೆ ಅಂತಲೇ ಮಾರುತ್ತಿದ್ದರು. ಆಮೇಲೆ ಸಿಎಂಆರ್ ಇರುವುದಕ್ಕೆ 'ರೆಡ್ ಪ್ಲಸ್' ಅಂತ ಬೇರೆ ಹೆಸರು ಬಂತು. ಹೀಗಾಗಿ ಕೊಳ್ಳುವಾಗ 'ಪ್ಲಸ್' ಅನ್ನುವ ಒಂದು ಪದಕ್ಕೆ ಬೆಲೆ ಇದೆ. ಸೀಗೇಟ್‌ನ ಐರನ್‌ವುಲ್ಫ್, ತೊಷಿಬಾದ ಎನ್300 ಕೂಡ ಸಿಎಂಆರ್. ಅಂಗಡಿಯಲ್ಲಿ "ನಾಸ್ ಡಿಸ್ಕ್ ಕೊಡಿ" ಅಂದರೆ ಸಾಲದು. ಪೂರ್ತಿ ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ.

ಎಷ್ಟು ಡಿಸ್ಕ್? ಎರಡು ದಾರಿ ಇದ್ದವು. 4 ಟಿಬಿಯ ನಾಲ್ಕು, ಅಥವಾ 8 ಟಿಬಿಯ ಎರಡು. ಆ ದಿನ ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ, 40,000 ಸುಮಾರು. ನಾಲ್ಕನ್ನು ರೇಡ್-ಝಡ್2 ಆಗಿ, ಅಂದರೆ ಎರಡು ಡಿಸ್ಕ್‌ನಷ್ಟು ಜಾಗವನ್ನು ರಕ್ಷಣೆಗೆ ಮೀಸಲಿಟ್ಟು ಜೋಡಿಸಿದರೆ ಬಳಕೆಗೆ 8 ಟಿಬಿ ಸಿಗುತ್ತದೆ, ಯಾವ ಎರಡು ಡಿಸ್ಕ್ ಸತ್ತರೂ ಫೈಲ್ ಉಳಿಯುತ್ತದೆ. ಎರಡನ್ನು ಮಿರರ್ ಮಾಡಿದರೂ, ಅಂದರೆ ಎರಡರಲ್ಲೂ ಅದೇ ಫೈಲ್ ಬರೆಸಿದರೂ 8 ಟಿಬಿಯೇ, ಆದರೆ ಒಂದು ಸತ್ತರೆ ಮಾತ್ರ ಉಳಿಯುತ್ತದೆ. ಕಾಗದದ ಮೇಲೆ ನಾಲ್ಕೇ ಗೆಲ್ಲುತ್ತದೆ. ಇದನ್ನು ಮಾಲೀಕರಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ.

ಆದರೂ ನಾನು ಎರಡನ್ನೇ ಕೇಳಿಕೊಂಡೆ. ದಾವಣಗೆರೆಯ ಏಪ್ರಿಲ್‌ನಲ್ಲಿ ನಾಲ್ಕು ಡಿಸ್ಕ್ ತಣ್ಣಗಿಡುವುದಕ್ಕಿಂತ ಎರಡನ್ನು ಇಡುವುದು ಸುಲಭ. ಮಿರರ್‌ನಲ್ಲಿ ಪ್ರತಿ ಡಿಸ್ಕ್‌ನಲ್ಲೂ ಎಲ್ಲ ಫೈಲ್ ಪೂರ್ತಿಯಾಗಿ ಇರುತ್ತದೆ. ಪೆಟ್ಟಿಗೆಯೇ ಸುಟ್ಟುಹೋದರೂ ಒಂದು ಡಿಸ್ಕ್ ತೆಗೆದು, ಝಡ್‌ಎಫ್‌ಎಸ್ ಓದಬಲ್ಲ ಬೇರೆ ಯಾವುದೇ ಕಂಪ್ಯೂಟರ್‌ಗೆ ಹಾಕಿ ಓದಬಹುದು. ಜೊತೆಗೆ ಎರಡು ಜಾಗ ಖಾಲಿ ಉಳಿಯುತ್ತವೆ, ಬೇಕಾದಾಗ ಇನ್ನೊಂದು ಜೋಡಿ ಸೇರಿಸಿದರೆ ಆಯಿತು. ಆಗಿನ್ನೂ ರೇಡ್-ಝಡ್ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸಿ ಬೆಳೆಸುವ ಅನುಕೂಲ ಬಿಡುಗಡೆಯಾಗಿರಲಿಲ್ಲ. ಅದು ಬಂದದ್ದು 2025ರ ಜನವರಿಯಲ್ಲಿ, ಓಪನ್‌ಝಡ್‌ಎಫ್‌ಎಸ್ 2.3ರ ಜೊತೆ. ನಾಲ್ಕರ ದಾರಿ ಬಿಟ್ಟಿದ್ದರಿಂದ ಉಳಿದ ಅಪಾಯವನ್ನು ಬ್ಯಾಕಪ್‌ನಿಂದ ತುಂಬೋಣ ಅಂತ ಒಪ್ಪಿಕೊಂಡೆವು.

ಎರಡು ಡಿಸ್ಕ್ ಎರಡು ಬೇರೆ ಕಂಪನಿಯದು. ಒಂದೇ ಬ್ಯಾಚಿನಲ್ಲಿ ತಯಾರಾದವು ಒಂದೇ ತರದ ದೋಷ ಹೊತ್ತು ಒಟ್ಟಿಗೆ ಕೆಡಬಾರದಲ್ಲ.

ಎಸ್.ಪಿ. ರೋಡ್‌ನಲ್ಲಿ ಒಂದು ಬೆಳಗ್ಗೆ

ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಡಿಸ್ಕ್ ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ನಿಂತು, ಸೀರಿಯಲ್ ನಂಬರನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿದೆ. ಮೊದಲು ಕೊಟ್ಟದ್ದಕ್ಕೆ ಭಾರತದ ವಾರಂಟಿ ಇರಲಿಲ್ಲ. ಹೇಳಿದ ಮೇಲೆ ಬೇರೆ ತಂದುಕೊಟ್ಟರು. ಎರಡೂ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಂಡೆ. ಬಿಲ್ಲನ್ನು ಆಫೀಸಿನ ಜಿಎಸ್‌ಟಿ ನಂಬರಿಗೇ ಮಾಡಿಸಿದೆ. ಶೇ. 18 ತೆರಿಗೆ ಇನ್‌ಪುಟ್‌ನಲ್ಲಿ ವಾಪಸ್ ಬರುತ್ತದೆ, ಮತ್ತೆ ವಾರಂಟಿಗೆ ಕಳಿಸುವಾಗ ಆ ಕಾಗದವೇ ಆಧಾರ.

ಪ್ರೊಸೆಸರ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕಾಯಿತು. ನನಗೆ ಇಸಿಸಿ ರ‍್ಯಾಮ್ ಬೇಕಿತ್ತು. ಸಾಮಾನ್ಯ ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಸಿಸಿಯಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚುವರಿ ಇರುತ್ತದೆ, ಒಂದು ತಪ್ಪಾದರೆ ತಾನೇ ತಿದ್ದಿ ವರದಿ ಮಾಡುತ್ತದೆ. ಡಿಸ್ಕ್ ಮೇಲೆ ಇಷ್ಟೊಂದು ತಾಳೆ ನೋಡುವ ಫೈಲ್ ಸಿಸ್ಟಮ್ ಇದ್ದು, ರ‍್ಯಾಮ್‌ನಲ್ಲೇ ಕೆಟ್ಟ ಫೈಲನ್ನು ಸರಿ ಅಂತ ಬರೆದುಬಿಟ್ಟರೆ ಏನು ಮಾಡುವುದು? ಇಸಿಸಿ ಇಲ್ಲದೆ ಝಡ್‌ಎಫ್‌ಎಸ್ ನಡೆಯುವುದೇ ಇಲ್ಲ ಅಂತ ಕೆಲವರು ಹೆದರಿಸುತ್ತಾರೆ, ಅದು ನಿಜವಲ್ಲ. ನಡೆಯುತ್ತದೆ. ಆದರೆ ಕಟ್ಟಡದ ಡ್ರಾಯಿಂಗ್‌ನಲ್ಲಿ ಕಂಬದ ಅಳತೆ ಇರುತ್ತದೆ. ಅದಕ್ಕೆ ಎರಡು ಮೂರು ಸಾವಿರ ಹೆಚ್ಚು ಕೊಡುವುದು ದೊಡ್ಡದಲ್ಲ ಅಂತ ನನ್ನ ನಿಲುವು.

ಇಂಟೆಲ್‌ನಲ್ಲಿ ಇಸಿಸಿ ಬೇಕೆಂದರೆ ಡಬ್ಲ್ಯೂ680 ತರದ ಚಿಪ್‌ಸೆಟ್ ಬೋರ್ಡ್ ಬೇಕು, ಅದು ನಮ್ಮ ಬಜೆಟ್‌ಗೆ ಮೀರಿದ್ದು. ಎಎಂಡಿಯ ರೈಜೆನ್ 5 ಪ್ರೊ 4650ಜಿ ಆರಿಸಿದೆ. 2020ರ ಪ್ರೊಸೆಸರ್, ಆರು ಕೋರ್, 65 ವ್ಯಾಟ್, ಒಳಗೇ ಗ್ರಾಫಿಕ್ಸ್ ಇದೆ. ಫೈಲ್ ಹಂಚುವ ಕೆಲಸಕ್ಕೆ ಇದು ಬೇಕಾದ್ದಕ್ಕಿಂತ ಜಾಸ್ತಿಯೇ. ಮುಖ್ಯವಾದದ್ದು ಹೆಸರಿನಲ್ಲಿರುವ 'ಪ್ರೊ'. 'ಜಿ' ಸಾಲಿನಲ್ಲಿ ಪ್ರೊ ಇದ್ದರೆ ಮಾತ್ರ ಇಸಿಸಿ ಕೆಲಸ ಮಾಡುತ್ತದೆ. ಅಂಗಡಿಯ ಹುಡುಗ 4600ಜಿ ತಂದಿಟ್ಟು "ಎರಡೂ ಒಂದೇ ಸರ್, ಇದು ಡಬ್ಬಿ ಸಮೇತ ಇದೆ" ಅಂದ. ಅವನ ಮಾತು ಮುಕ್ಕಾಲು ಪಾಲು ಸರಿ, ವೇಗ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಇಸಿಸಿ ರ‍್ಯಾಮ್ ಕೂರುತ್ತದೆ, ಕಂಪ್ಯೂಟರ್ ಓಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ತಿದ್ದುವ ಕೆಲಸ ಮಾತ್ರ ಆಗುವುದಿಲ್ಲ. ಕೊಂಡವರು ವರ್ಷಗಟ್ಟಲೆ ಇಸಿಸಿ ಇದೆ ಅಂತಲೇ ನಂಬಿಕೊಂಡಿರುತ್ತಾರೆ. ಮೂರು ಅಂಗಡಿ ಸುತ್ತಿದ ಮೇಲೆ ಪ್ರೊ ಸಿಕ್ಕಿತು.

ಇದನ್ನು ಪರೀಕ್ಷಿಸುವ ದಾರಿ ಸುಲಭ. ಲಿನಕ್ಸ್‌ನಲ್ಲಿ ಡಿಎಂಐಡೀಕೋಡ್ ಎಂಬ ಕಮಾಂಡ್ ಓಡಿಸಿದರೆ ರ‍್ಯಾಮ್‌ನ ಟೋಟಲ್ ವಿಡ್ತ್ 72, ಡೇಟಾ ವಿಡ್ತ್ 64 ಅಂತ ತೋರಿಸಬೇಕು. ಎರಡೂ 64 ಅಂತ ಬಂದರೆ ಇಸಿಸಿ ಇಲ್ಲ. ಜೊತೆಗೆ ಬೂಟ್ ಲಾಗ್‌ನಲ್ಲಿ ಇಡ್ಯಾಕ್ ಅನ್ನುವ, ರ‍್ಯಾಮ್ ತಪ್ಪುಗಳನ್ನು ವರದಿ ಮಾಡುವ ಭಾಗ ಚಾಲೂ ಆಗಿದೆಯೇ ನೋಡಬೇಕು.

ಬೋರ್ಡ್ ಬಿ550 ಚಿಪ್‌ಸೆಟ್‌ನದು, ಡಿಸ್ಕ್ ಸಿಕ್ಕಿಸಲು ನಾಲ್ಕು ಸಾಟಾ ಪೋರ್ಟ್. ಅದರ ಮ್ಯಾನ್ಯುಯಲ್‌ನಲ್ಲಿ ಪ್ರೊ ಪ್ರೊಸೆಸರ್ ಜೊತೆ ಇಸಿಸಿ ನಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವುದನ್ನು ಓದಿಯೇ ತೆಗೆದುಕೊಂಡೆ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ. ಈ ಸರ್ವರ್ ನಡೆಸುವ ಸಾಫ್ಟ್‌ವೇರ್ ಟ್ರೂನಾಸ್, ಅದಕ್ಕೆ ಕನಿಷ್ಠ 8 ಜಿಬಿ ಬೇಕು, ಎಂಟು ಜನಕ್ಕೆ 16 ಸಾಕು. ಸಿಸ್ಟಮ್ ಇರಲು 250 ಜಿಬಿಯ ಸಣ್ಣ ಎನ್‌ವಿಎಂಇ ಎಸ್‌ಎಸ್‌ಡಿ. ಕ್ಯಾಶ್‌ಗೆ ಬೇರೆ ಎಸ್‌ಎಸ್‌ಡಿ ಹಾಕಲಿಲ್ಲ. ವಿಂಡೋಸ್ ಕಂಪ್ಯೂಟರ್‌ಗಳು ಬರೆಯುವ ರೀತಿಗೆ ಅದರಿಂದ ಲಾಭ ಇಲ್ಲ.

ಬಿಟ್ಟ ಎರಡು ದಾರಿಗಳ ಬಗ್ಗೆಯೂ ಹೇಳಬೇಕು. ಇಂಟೆಲ್ ಎನ್100 ಇರುವ ಪುಟ್ಟ ಬೋರ್ಡ್ ತುಂಬ ಆಸೆ ಹುಟ್ಟಿಸಿತು. 6 ವ್ಯಾಟ್‌ನ ಪ್ರೊಸೆಸರ್, ಅಗ್ಗ. ಮನೆಗೆ ನಾನು ಅದನ್ನೇ ಹೇಳುತ್ತೇನೆ. ಇಲ್ಲಿ ಬೇಡ ಅನಿಸಿದ್ದು ಎರಡು ಕಾರಣಕ್ಕೆ. ಇಸಿಸಿ ಇಲ್ಲ ಅನ್ನುವುದು ಒಂದು. ಇನ್ನೊಂದು ಇದಕ್ಕಿಂತ ದೊಡ್ಡದು. ನಾಲ್ಕು ಸಾಟಾ ಪೋರ್ಟ್ ಇರುವ ಅಂಥ ಬೋರ್ಡ್‌ಗಳು ಬಹುತೇಕ ಆನ್‌ಲೈನ್‌ನಲ್ಲಿ ಮಾತ್ರ ಸಿಗುತ್ತವೆ. ಮೂರು ವರ್ಷದ ಮೇಲೆ ಬೋರ್ಡ್ ಕೆಟ್ಟರೆ ದಾವಣಗೆರೆಯಲ್ಲಿ ಯಾರು ಕೊಡುತ್ತಾರೆ? ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್ ಆದರೆ ಹೊಸದೋ ಹಳೆಯದೋ ಮಾರನೇ ದಿನ ಸಿಗುತ್ತದೆ.

ಸಿನಾಲಜಿಯ ಡಿಎಸ್923+ ತರದ ರೆಡಿಮೇಡ್ ಪೆಟ್ಟಿಗೆಯನ್ನೂ ನೋಡಿದೆವು. ನಾಲ್ಕು ಡಿಸ್ಕ್ ಜಾಗ, ಇಸಿಸಿ ರ‍್ಯಾಮ್, ಸೊಗಸಾದ ಸಾಫ್ಟ್‌ವೇರ್. ಡಿಸ್ಕ್ ಇಲ್ಲದೆಯೇ 50,000 ದಾಟುತ್ತಿತ್ತು. ನೋಡಿಕೊಳ್ಳುವವರು ಹತ್ತಿರ ಇಲ್ಲದ ಆಫೀಸಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ, ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಇಲ್ಲಿ ನನ್ನ ಮನೆ ಹತ್ತು ನಿಮಿಷದ ದಾರಿ. ಆ ಧೈರ್ಯದ ಮೇಲೆ ಕಟ್ಟಿದೆವು.

ಕ್ಯಾಬಿನೆಟ್ ಹುಡುಕುವುದೇ ಕಷ್ಟವಾಯಿತು. ಈಗ ಎಲ್ಲ ಕಡೆ ಗಾಜಿನ ಬಾಗಿಲು, ಬಣ್ಣದ ಲೈಟು. ಡಿಸ್ಕ್‌ಗೆ ಕೆಳಗೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಪಕ್ಕದಲ್ಲಿ, ಗಾಳಿ ಆಡದ ಮೂಲೆಯಲ್ಲಿ ಎರಡು ಜಾಗ. ಮುಂದೆ ಎರಡು 120 ಮಿ.ಮೀ. ಫ್ಯಾನ್, ಅದರ ಹಿಂದೆಯೇ ನಾಲ್ಕು ಡಿಸ್ಕ್‌ನ ಗೂಡು, ಬಿಚ್ಚಿ ತೊಳೆಯಬಹುದಾದ ಧೂಳಿನ ಜಾಲರಿ ಇರುವ ಹಳೆ ವಿನ್ಯಾಸದ್ದೊಂದು ಕೊನೆಗೂ ಸಿಕ್ಕಿತು. ಎಸ್‌ಎಂಪಿಎಸ್ 450 ವ್ಯಾಟ್, 80 ಪ್ಲಸ್ ಬ್ರಾಂಜ್. ಡಿಸ್ಕ್ ತಿರುಗಲು ಶುರುವಾಗುವಾಗ ಒಂದೊಂದು 25 ವ್ಯಾಟ್‌ನಷ್ಟು ಎಳೆಯುತ್ತದೆ, ಮುಂದೆ ನಾಲ್ಕಾದರೂ 100. ಸಾಟಾ ಪವರ್ ಕನೆಕ್ಟರ್ ನಾಲ್ಕೂ ಎಸ್‌ಎಂಪಿಎಸ್‌ನಿಂದಲೇ ಬರಬೇಕು ಅಂತ ಹಠ ಹಿಡಿದೆ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ, ಅಚ್ಚು ಹಾಕಿದ ಅಡಾಪ್ಟರ್‌ಗಳ ಒಳಗೆ ತಂತಿಗಳು ತಾಗಿ ಹೊತ್ತಿಕೊಂಡ ಉದಾಹರಣೆಗಳಿವೆ.

ಕರೆಂಟು, ಅರ್ಥಿಂಗು

ಇನ್ವರ್ಟರ್ ಇದ್ದೂ ಕಂಪ್ಯೂಟರ್ ಯಾಕೆ ರೀಸ್ಟಾರ್ಟ್ ಆಗುತ್ತಿತ್ತು? ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡ್, ನಾರ್ಮಲ್ ಮೋಡ್. ಇವರದು ನಾರ್ಮಲ್‌ನಲ್ಲಿತ್ತು. ಆ ಮೋಡ್‌ನಲ್ಲಿ ವೋಲ್ಟೇಜ್ ತೀರಾ ಇಳಿದರೂ ಇನ್ವರ್ಟರ್ ಲೈನಿನ ಮೇಲೆಯೇ ಉಳಿಯುತ್ತದೆ, ಬದಲಾಗುವಾಗಲೂ ನಿಧಾನ. ಯುಪಿಎಸ್ ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ. ಒಳ್ಳೆ ಎಸ್‌ಎಂಪಿಎಸ್ ತುಂಬು ಲೋಡ್ ಇದ್ದರೂ 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ, ಅಷ್ಟರಲ್ಲಿ ಆಗಿಹೋಗುತ್ತದೆ. ಒಂದು ಬೆರಳಿನ ಕೆಲಸ, ಖರ್ಚಿಲ್ಲ.

ಆದರೂ ಸರ್ವರ್‌ಗೆ ಬೇರೆ ಯುಪಿಎಸ್ ಬೇಕಿತ್ತು. ಇನ್ವರ್ಟರ್ ಬ್ಯಾಟರಿ ಮುಗಿಯುವುದನ್ನು ಸರ್ವರ್‌ಗೆ ಯಾರು ಹೇಳುವುದು? ಯುಎಸ್‌ಬಿ ಡೇಟಾ ಪೋರ್ಟ್ ಇರುವ ಯುಪಿಎಸ್ ಆದರೆ "ಈಗ ಬ್ಯಾಟರಿ ಮೇಲಿದ್ದೇನೆ" ಅಂತ ಸರ್ವರ್‌ಗೆ ಹೇಳುತ್ತದೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬಹುಪಾಲು ಯುಪಿಎಸ್‌ಗಳಿಗೆ ಈ ಪೋರ್ಟ್ ಇರುವುದಿಲ್ಲ. ಲೋಡ್ ನೋಡಿದರೆ 600 ವಿಎ ಸಾಕಿತ್ತು. ಪೋರ್ಟ್ ಇದ್ದದ್ದು 1000 ವಿಎಯಲ್ಲಿ, ಅದನ್ನೇ 6,500ಕ್ಕೆ ತಂದೆವು. ಬ್ಯಾಟರಿ ಮೇಲೆ ಐದು ನಿಮಿಷ ಕಳೆದರೆ ಸರ್ವರ್ ತಾನೇ ಮುಚ್ಚಿಕೊಳ್ಳುವಂತೆ ಹೊಂದಿಸಿದೆ.

ಒಂದು ಶನಿವಾರ ಸಂಜೆ ನಿಜವಾಗಿಯೂ ಪ್ಲಗ್ ಕಿತ್ತು ನೋಡಿದೆ. ಐದು ನಿಮಿಷಕ್ಕೆ ಸರಿಯಾಗಿ ಆಫ್ ಆಯಿತು. ಪ್ಲಗ್ ಮತ್ತೆ ಹಾಕಿದರೆ ಏಳಲೇ ಇಲ್ಲ. ಬಯಾಸ್‌ನಲ್ಲಿ "ಕರೆಂಟ್ ಬಂದ ಮೇಲೆ ಆನ್ ಆಗು" ಅಂತ ಇಟ್ಟಿದ್ದೆ. ಆದರೆ ಯುಪಿಎಸ್ ಇನ್ನೂ ಜೀವಂತ ಇದ್ದುದರಿಂದ ಸರ್ವರ್‌ನ ದೃಷ್ಟಿಯಲ್ಲಿ ಕರೆಂಟ್ ಹೋಗಿಯೇ ಇರಲಿಲ್ಲ! ಸರ್ವರ್ ಮುಚ್ಚಿದ ಮೇಲೆ ಯುಪಿಎಸ್‌ಗೂ ಔಟ್‌ಪುಟ್ ಕಡಿಯಲು ಹೇಳುವ ಸೆಟ್ಟಿಂಗ್ ಹಾಕಿದ ನಂತರ ಸರಿಹೋಯಿತು. ಪ್ಲಗ್ ಕೀಳದೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಅರ್ಥಿಂಗ್ ನೋಡಲು ಮಲ್ಟಿಮೀಟರ್ ಹಿಡಿದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 14 ವೋಲ್ಟ್. ಎರಡು ಮೂರಕ್ಕಿಂತ ಕಡಿಮೆ ಇರಬೇಕು. ಎಲೆಕ್ಟ್ರಿಷಿಯನ್ ಬಂದು ಗುಂಡಿ ತೆಗೆದರೆ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು, ತಂತಿ ಜೋಡಿಸಿದ ಕಡೆ ತುಕ್ಕು. ಜೋಡಣೆ ಉಜ್ಜಿ ಬಿಗಿ ಮಾಡಿ, ಇದ್ದಿಲು, ಉಪ್ಪು ಹಾಕಿ ನೀರು ಹೊಯ್ದ ಮೇಲೆ ಮೂರರ ಒಳಗೆ ಬಂತು. ಮಳೆಗಾಲದ ತನಕ ವಾರಕ್ಕೆರಡು ಬಿಂದಿಗೆ ನೀರು ಹಾಕಲು ಆಫೀಸಿನ ಅಕ್ಕನಿಗೆ ಹೇಳಿದೆವು. ಈಗಲೂ ಬೇಸಿಗೆಯಲ್ಲಿ ತಪ್ಪದೆ ಹಾಕುತ್ತಾರೆ.

ಜಾಗದ ವಿಷಯದಲ್ಲಿ ನನ್ನಿಂದ ತಪ್ಪಾಯಿತು. ಮೆಟ್ಟಿಲ ಕೆಳಗೆ ಇನ್ವರ್ಟರ್ ಪಕ್ಕ ಜಾಗ ಇದೆ ಅಂದರು, ಒಪ್ಪಿದೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಡಿಸ್ಕ್ ಬಿಸಿ 51 ಡಿಗ್ರಿ ಮುಟ್ಟಿತು. ಬಿಸಿಗಿಂತ ಕೆಟ್ಟದ್ದು ಇನ್ನೊಂದಿತ್ತು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬರುವ ಆಸಿಡ್ ಹಬೆ ಕನೆಕ್ಟರ್‌ಗಳನ್ನು ತಿನ್ನುತ್ತದೆ. ಮೀಟಿಂಗ್ ಕೋಣೆಯ ಮೂಲೆಗೆ, ನೆಲದಿಂದ ಎರಡು ಅಡಿ ಮೇಲೆ ಸ್ಥಳಾಂತರಿಸಿದೆವು. ಬಿಸಿ 43ಕ್ಕೆ ಇಳಿಯಿತು.

ಡೇಟಾ ತುಂಬುವ ಮುಂಚೆ, ತುಂಬಿದ ಮೇಲೆ

ಹೊಸ ಡಿಸ್ಕ್ ಮೇಲೆ ಅವತ್ತೇ ಫೈಲ್ ಹಾಕಬಾರದು. ಡಿಸ್ಕ್ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳುವ ಸ್ಮಾರ್ಟ್ ಲಾಂಗ್ ಟೆಸ್ಟ್ 14 ತಾಸು ತೆಗೆದುಕೊಂಡಿತು. ಆಮೇಲೆ ಬ್ಯಾಡ್‌ಬ್ಲಾಕ್ಸ್ ಓಡಿಸಿ ಪೂರ್ತಿ ಡಿಸ್ಕನ್ನು ನಾಲ್ಕು ಸಲ ಬರೆದು ಓದಿಸಿದೆ. ಐದು ದಿನ ಹಿಡಿಯಿತು. ಮಾಲೀಕರು ದಿನಾ ಕೇಳುತ್ತಿದ್ದರು, "ಇನ್ನೂ ಆಗಿಲ್ವೇನಪ್ಪಾ?" ಕೆಡುವ ಡಿಸ್ಕ್ ಈ ವಾರವೇ ಕೆಟ್ಟರೆ ನಮಗೆ ಲಾಭ ಅಂತ ವಿವರಿಸಿದೆ.

ಬ್ಯಾಕಪ್‌ಗೆ 5 ಟಿಬಿಯ ಪೋರ್ಟಬಲ್ ಡಿಸ್ಕ್ ಎರಡು. ಇವು ಎಸ್‌ಎಂಆರ್ ಆದರೂ ಪರವಾಗಿಲ್ಲ, ವಾರಕ್ಕೊಮ್ಮೆ ಹೊಸದನ್ನು ಮಾತ್ರ ಬರೆಯುವ ಕೆಲಸ. ಒಂದು ಆಫೀಸಿನಲ್ಲಿ, ಒಂದು ಮಾಲೀಕರ ಮನೆಯ ಬೀರುವಿನಲ್ಲಿ. ಶನಿವಾರ ಅದಲು ಬದಲು. ನಡೆಯುತ್ತಿರುವ ಕೆಲಸಗಳ ಫೋಲ್ಡರ್ ಮಾತ್ರ ರಾತ್ರಿ ಕ್ಲೌಡ್‌ಗೂ ಹೋಗುತ್ತದೆ. ಟ್ಯಾಲಿಯನ್ನು ಸರ್ವರ್ ಮೇಲೆ ನೇರ ಓಡಿಸಲಿಲ್ಲ. ಅದು ಮೇಡಂ ಕಂಪ್ಯೂಟರ್‌ನಲ್ಲೇ ಇದೆ, ಬ್ಯಾಕಪ್ ದಿನಕ್ಕೆರಡು ಸಲ ಇಲ್ಲಿಗೆ ಬರುತ್ತದೆ.

ಒಟ್ಟು ಖರ್ಚು 1,14,000 ರೂಪಾಯಿ. ಒಳಗಿನ ಡಿಸ್ಕ್ 40,000, ಬ್ಯಾಕಪ್ ಡಿಸ್ಕ್ 23,000. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಸೇರಿ 26,500. ಉಳಿದದ್ದು ಕ್ಯಾಬಿನೆಟ್, ಎಸ್‌ಎಂಪಿಎಸ್, ಯುಪಿಎಸ್, ಸ್ವಿಚ್ ಇತ್ಯಾದಿ. ಮೊದಲ ಕೊಟೇಶನ್‌ಗಿಂತ 9,000 ಜಾಸ್ತಿ. ಸುಮ್ನೆ ಇರುವಾಗ 40 ವ್ಯಾಟ್ ತಿನ್ನುತ್ತದೆ, ತಿಂಗಳಿಗೆ 29 ಯೂನಿಟ್.

ಆಗಸ್ಟ್‌ನಲ್ಲಿ ಆಟೋಕ್ಯಾಡ್ ಮಾಡುವ ಒಬ್ಬ ಹುಡುಗ ಹರಿಹರದ ಒಂದು ಮನೆಯ ಡ್ರಾಯಿಂಗ್ ಮೇಲೆ ಬೇರೆ ಮನೆಯದನ್ನು ಸೇವ್ ಮಾಡಿಬಿಟ್ಟ. ಮಿರರ್ ಇಲ್ಲಿ ಏನೂ ಮಾಡುವುದಿಲ್ಲ. ಎರಡೂ ಡಿಸ್ಕ್‌ನಲ್ಲಿ ಅದೇ ತಪ್ಪು ಫೈಲ್ ಇರುತ್ತದೆ. ಗಂಟೆಗೊಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನಲ್ಲಿ ಫೈಲ್‌ಗಳು ಹೇಗಿದ್ದವೋ ಹಾಗೆ ಹಿಡಿದಿಟ್ಟ ನಕಲು ಇಟ್ಟಿದ್ದೆವು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರೀವಿಯಸ್ ವರ್ಷನ್ಸ್'ನಲ್ಲಿ ಬೆಳಗ್ಗೆ 11ರದ್ದನ್ನು ತೆಗೆದುಕೊಂಡ. ನನಗೆ ಫೋನ್ ಮಾಡಿದ್ದು ಎಲ್ಲ ಆದ ಮೇಲೆ, ಖುಷಿ ಹಂಚಿಕೊಳ್ಳಲು.

2025ರ ಜುಲೈಯಲ್ಲಿ ಎರಡರಲ್ಲಿ ಒಂದು ಡಿಸ್ಕ್ ಎಂಟು ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ತೋರಿಸಿತು. ತಿಂಗಳಿಗೊಮ್ಮೆ ಎಲ್ಲ ಫೈಲ್ ಓದಿ ತಾಳೆ ನೋಡುವ ಸ್ಕ್ರಬ್‌ನಿಂದ ಇಮೇಲ್ ಬಂತು. ವಾರಂಟಿಗೆ ಕೊಟ್ಟೆವು. ಬದಲಿ ಬರಲು ಮೂರು ವಾರ ಆಗುತ್ತದೆ ಅಂದರು. ಅಷ್ಟು ದಿನ ಇಡೀ ಆಫೀಸು ಒಂದು ಡಿಸ್ಕ್ ಮೇಲೆ! ನಾನು ಯೋಚಿಸದೆ ಬಿಟ್ಟದ್ದು ಇದೇ. ವಾರಂಟಿ ಇದೆ ಅಂದರೆ ನಾಳೆಯೇ ಡಿಸ್ಕ್ ಕೈಗೆ ಬರುತ್ತದೆ ಅಂತ ಅಲ್ಲ. ಮೂರನೇ ಡಿಸ್ಕ್‌ಗೆ ಮೊದಲೇ ದುಡ್ಡು ಎತ್ತಿಡಬೇಕಿತ್ತು, ಬಜೆಟ್‌ನಲ್ಲಿ 6,000 ಮಾತ್ರ ಉಳಿದಿತ್ತು. ಮಾಲೀಕರು ಒಂದು ಮಾತೂ ಆಡದೆ ಹೊಸ 8 ಟಿಬಿ ತರಿಸಿದರು. ಈ ಸಲ ಲಾಂಗ್ ಟೆಸ್ಟ್ ಒಂದನ್ನೇ ಓಡಿಸಿ ಹಾಕಿದೆ. ತುಂಬಿದ್ದ 3.1 ಟಿಬಿಯನ್ನು ಅದಕ್ಕೆ ಬರೆಯಲು ಏಳು ತಾಸು ಹಿಡಿಯಿತು. ಕೆಲಸದ ನಡುವೆಯೇ ಆಯಿತು, ಯಾರೂ ಡ್ರಾಯಿಂಗ್ ನಿಲ್ಲಿಸಲಿಲ್ಲ.

ವಾರಂಟಿಯಿಂದ ಬದಲಿ ಡಿಸ್ಕ್ ಬಂದಾಗ ಅದನ್ನೂ ಐದು ದಿನ ಬರೆಸಿ ಓದಿಸಿ ಪರೀಕ್ಷೆ ಮಾಡಿದೆ. ಈಗ ಅದು ಮಾಲೀಕರ ಡ್ರಾಯರ್‌ನಲ್ಲಿದೆ, ಮೊದಲ ಕೊಟೇಶನ್ ಮಡಿಚಿಟ್ಟ ಅದೇ ಡ್ರಾಯರ್. ಮೇಲೆ ಮಾರ್ಕರ್‌ನಲ್ಲಿ ದಪ್ಪಕ್ಷರದಲ್ಲಿ ಅವರೇ ಬರೆದಿದ್ದಾರೆ: "ಸರ್ವರ್‌ನದು. ಪರೀಕ್ಷೆ ಆಗಿದೆ. ಬೇರೆ ಯಾವುದಕ್ಕೂ ತೆಗೆಯಬೇಡಿ."